ನೆಲಕ್ಕಿಳಿದ ಬೆಳಕು

ಯೇನಾ, ಜರ್ಮನಿ, ಅಕ್ಟೋಬರ್ ೧೧, ಶನಿವಾರ

ಪಿಕಪ್ಪಿನ ಹಿಂದಿನ ಸಸ್ಪೆನ್ಶನ್‌ಗೆ ಇವತ್ತು ಗಾಳಿ ತುಂಬಿದ ಏರ್ ಸ್ಪ್ರಿಂಗ್ ಹಾಕಿಸಿದೆ. ಎಳೆದೊಯ್ಯುವ ಮನೆಗಾಡಿ ಕ್ಯಾರವಾನ್ ಜೋಡಿಸಿದರೂ ಗಾಡಿಯ ಹಿಂಭಾಗ ಇನ್ನು ಕುಸಿಯುವುದಿಲ್ಲ. ಕಾರು ಕಂಪನಿಯ ಎಂಜಿನಿಯರ್ ನಾನು. ಈ ಕೆಲಸ ಹೋದ ವರ್ಷವೇ ಆಗಬೇಕಿತ್ತು. "ಹಿಂದ ಭಾಳ ಕುಂತೈತ್ರಿ. ಲೈಟು ಮುಗಿಲಿಗೆ ಹೊಡ್ಯಾಕತ್ತೈತಿ" ಎಂದು ಹೆಂಡತಿ ಶ್ರೀದೇವಿ ಆಗಲೇ ಹೇಳಿದ್ದಳು. ನಾನು ನಕ್ಕಿದ್ದೆ. ಆ ರಾತ್ರಿಯೇ ಕಾಡಿನ ತಿರುವಿನಲ್ಲಿ ಗಾಡಿಗೆ ಏನೋ ತಾಗಿತು. ಮೆತ್ತಗಿನ ಸದ್ದು.

ಜಿಂಕೆ ಎಂದೆ. ವರ್ಷವಿಡೀ ಜಿಂಕೆ ಎಂದೇ ಹೇಳುತ್ತಾ ಬಂದೆ.

ಕತ್ತಲಾದ ಮೇಲೆ ಹೊಸ ಸ್ಪ್ರಿಂಗ್ ಪರೀಕ್ಷಿಸಲು ಕ್ಯಾರವಾನ್ ಕಟ್ಟಿಕೊಂಡು ಇಬ್ಬರೂ ಹೊರಟೆವು. ಬೇರೆ ದಾರಿಗಳಿದ್ದವು, ಯಾಕೆ ಆ ಕಾಡಿನ ದಾರಿಯನ್ನೇ ಹಿಡಿದೆನೋ. ತಿರುವಿನಲ್ಲಿ ಬೆಳಕು ನೆಟ್ಟಗೆ ರಸ್ತೆಯ ಮೇಲೆ ಬಿತ್ತು. ಉದುರಿದ ಒಂದೊಂದು ಎಲೆಯೂ ಕಾಣುತ್ತಿತ್ತು. ಶ್ರೀದೇವಿ ಅವನ್ನೇ ನೋಡುತ್ತಾ, "ಅವತ್ತ ನೀವು ಇಳದ್ ಹೋಗಿ ಖರೇನ ನೋಡಿದ್ರೇನ್ರಿ?" ಎಂದಳು.

"ನೋಡೇನಿ. ಜಿಂಕಿನ ಅದು."

ಈಗ ಮಲಗಿದ್ದಾಳೆ. ನಿದ್ದೆ ಬಂದಿಲ್ಲವೆಂದು ಉಸಿರಿನಲ್ಲೇ ಗೊತ್ತಾಗುತ್ತದೆ. ಈ ಡೈರಿಯಲ್ಲಾದರೂ ನಿಜ ಬರೆದುಬಿಡುತ್ತೇನೆ. ಅವತ್ತು ನಾನು ಇಳಿದು ನಡೆದದ್ದು ಕ್ಯಾರವಾನಿನ ಹಿಂದಿನ ಕೆಂಪು ದೀಪದವರೆಗೆ ಮಾತ್ರ. ಅದರಾಚೆ ಕತ್ತಲಿತ್ತು. ಹೋಗಲಿಲ್ಲ.