ಸೂಜಿಮಿಡತೆಯ ಸದ್ದು

ಕಾಡಿನ ಬಿಡಾರ,
ಮಾರ್ಚ್ ೯

ನನ್ನ ಮುದ್ದು ಜೀರುಂಡೆಗೆ ಅಮ್ಮನ ಆಶೀರ್ವಾದ.

ಕಾಗದ ತಡವಾಯಿತು, ಬೈಯಬೇಡ. ಹುಟ್ಟಿದಾಗ ಆಸ್ಪತ್ರೆಯ ಚಾವಣಿ ಹಾರಿಹೋಗುವಂತೆ ಕಿರುಚಿದ್ದಕ್ಕೆ ಇಟ್ಟ ಹೆಸರು ಈ ಜೀರುಂಡೆ. ಮದುವೆಯಾಯಿತೆಂದು ಬಿಡುವವಳಲ್ಲ ನಾನು! ನೀನೂ ಫೋನ್ ಮಾಡಿಲ್ಲ. ಹೊಸ ಸಂಸಾರದ ಗಡಿಬಿಡಿ ಇರಬೇಕೆಂದು ಸುಮ್ಮನಿದ್ದೆ. ಅಳಿಯಂದಿರು ಹೇಗಿದ್ದಾರೆ?

ಇಲ್ಲಿ ನನಗೆ ಕೈಕಾಲು ಆಡುತ್ತಿಲ್ಲ ಕಣೇ. ನನ್ನ ಕೆಲಸ ನಿನಗೆ ಗೊತ್ತೇ ಇದೆ. ಮರದ ಕೆಳಗೆ ಕೂತು, ಯಾವ್ಯಾವ ಹುಳ ಹಾಡುತ್ತಿದೆ ಎಂದು ಕಿವಿಯಿಂದಲೇ ಗುರುತಿಸುವುದು. ಒಂದೇ ಮರದಲ್ಲಿ ಬುಡಕ್ಕೊಂದು ಜಾತಿ, ತೊಗಟೆಗೊಂದು, ತುದಿಗೆ ಇನ್ನೊಂದು. ಒಂದು ಗರಗಸ ಎಳೆದ ಹಾಗೆ, ಮತ್ತೊಂದು ಬಳೆ ಕುಲುಕಿದ ಹಾಗೆ. ಒಂದರ ಶ್ರುತಿಗೆ ಇನ್ನೊಂದು ಅಡ್ಡ ಬರುವುದಿಲ್ಲ, ನಮ್ಮ ನೆಂಟರಿಗಿಂತ ವಾಸಿ. ಎಲ್ಲಕ್ಕಿಂತ ಮೇಲಿನ ಶ್ರುತಿ ಎಲೆಯಂತಿರುವ ಒಂದು ಹಸಿರು ಮಿಡತೆಯದು. ಕಿವಿಗೆ ಚುಚ್ಚುವ ದನಿ, ಅದಕ್ಕೇ ಸೂಜಿಮಿಡತೆ ಎನ್ನುತ್ತೇವೆ. ಅದು ಇದೆ ಎಂಬ ಕಾರಣಕ್ಕೇ ಇಲ್ಲಿ ಮರ ಕಡಿಯಲು ಬಿಟ್ಟಿಲ್ಲ.

ಈ ಸಲ ಬಂದಾಗಿನಿಂದ ಅದರ ಸದ್ದೇ ಇಲ್ಲ. ಕಾದು ಕಾದು ಸಾಕಾಗಿ, ಸೂಜಿಮಿಡತೆ ಅಳಿದಿದೆ ಎಂದು ವರದಿ ಬರೆದು ಸಹಿ ಹಾಕಿಬಿಟ್ಟೆ. ನಾಳೆ ಬೆಳಗಿನ ದೋಣಿಯಲ್ಲಿ ಅದು ಹೋಗುತ್ತದೆ.

ಇವತ್ತು ಮುಸ್ಸಂಜೆ, ಹೊಸದಾಗಿ ಸೇರಿದ ಜೊತೆಗಾತಿ ಮರದ ಕೆಳಗೆ ಕಿವಿ ಮುಚ್ಚಿಕೊಂಡಳು.

"ಅಬ್ಬಬ್ಬಾ, ಏನಿದು ಹೀಗೆ ಕೊರೀತಿದೆ!"

"ಯಾವುದು ಕಣೇ?"

"ತಮಾಷೆ ಮಾಡ್ಬೇಡಿ ಅಕ್ಕಾ. ನಿಮ್ಮ ತಲೆ ಮೇಲೇ ಇದೆಯಲ್ಲ!"

ತಲೆಯೆತ್ತಿದೆ. ಕೈಗೆಟುಕುವಷ್ಟು ಹತ್ತಿರದಲ್ಲಿ ಸೂಜಿಮಿಡತೆ ಕೂತು ರೆಕ್ಕೆಗೆ ರೆಕ್ಕೆ ಉಜ್ಜುತ್ತಿತ್ತು. ನನಗೆ ಏನೂ ಕೇಳಿಸಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಕಿವಿ ಕೆಟ್ಟಿದ್ದಕ್ಕೆ ಆ ಬಡಪಾಯಿಯನ್ನು ಸಾಯಿಸಿಬಿಟ್ಟಿದ್ದೆನಲ್ಲೇ!

ಜೊತೆಗಾತಿಗೆ ಎಲ್ಲ ಅರ್ಥವಾಯಿತು. "ನಾನು ಯಾರಿಗೂ ಹೇಳಲ್ಲ ಅಕ್ಕಾ" ಎಂದಳು. ಅದನ್ನೂ ಎರಡು ಸಲ ಹೇಳಿಸಿಕೊಂಡೆ.

ವರದಿ ಹಿಂದಕ್ಕೆ ಪಡೆಯಬೇಕಾದರೆ ಕಾರಣ ಹೇಳಬೇಕು. ಹೇಳಿದರೆ ಕೆಲಸ ಹೋಯಿತು, ಕಿವುಡಿಗೆ ಇಲ್ಲೇನಿದೆ? ಭಯವಾಗುತ್ತಿದೆ ಮಗಳೇ. ಬಿಡಾರದ ಮುಖ್ಯಸ್ಥರು ಊಟಕ್ಕೆ ಕೂತಿದ್ದಾರೆ. ಅವರು ಕೈ ತೊಳೆಯುವಷ್ಟರಲ್ಲಿ ಈ ಕಾಗದ ಮುಗಿಸಿ ಹೋಗಿ ಹೇಳುತ್ತೇನೆ. ನನ್ನ ಅನ್ನಕ್ಕಾಗಿ ಕಾಡಿಗೆ ಕೊಡಲಿ ಹಾಕಿಸಲಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಇಬ್ಬರೂ ತಣ್ಣಗಿರಿ.

ನಿನ್ನ ಅಮ್ಮ

ತಾ.ಕ.: ಹೋದ ತಿಂಗಳು ಫೋನಿನಲ್ಲಿ ಏನೋ ಹೇಳಿದೆಯಲ್ಲ, ನನಗೆ ಕೇಳಿಸಿರಲಿಲ್ಲ. ಲೈನ್ ಸರಿಯಿಲ್ಲ ಅಂದುಕೊಂಡು, "ಒಳ್ಳೇದಾಯ್ತು ಬಿಡು ಮಗಳೇ" ಅಂದೆ. ನೀನು ಫೋನ್ ಇಟ್ಟುಬಿಟ್ಟೆ. ಆಮೇಲೆ ಒಂದು ಸಲವೂ ಮಾಡಿಲ್ಲ. ಅವತ್ತು ಏನು ಹೇಳಿದೆ ಕಂದಾ? ಬರೆದು ಕಳಿಸು.