ಯಾರೂ ಇಡದ ಹೆಸರು

ಮಗಳೇ,

ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆ ಎಂದು ತಿಳಿದು ಜೀವಕ್ಕೆ ಸಮಾಧಾನವಾಯಿತು. ನಿಮ್ಮಮ್ಮನ ಹೆಸರಿಡೋಣವೇ ಅಂದಿದ್ದಕ್ಕೆ, "ಅಪ್ಪಾ, ಅದು ಮುದುಕಿಯರ ಹೆಸರು, ಸ್ಕೂಲಲ್ಲಿ ಆಡಿಕೊಳ್ತಾರೆ" ಅಂದೆ ನೀನು. ಔಟ್ ಆಫ್ ಫ್ಯಾಶನ್, ಒಪ್ಪಿದೆ.

ಒಂದು ಕಾಲಕ್ಕೆ ಆ ಹೆಸರಿಗೆ ಏನು ಡಿಮ್ಯಾಂಡು ಅಂತೀಯ! ನಿಮ್ಮಮ್ಮನ ಟೆಲಿಫೋನ್ ಆಫೀಸಿನಲ್ಲಿ ಅದೇ ಹೆಸರಿನವರು ಮೂವರಿದ್ದರು. ನಾನು ಹೋಗಿ ಕೇಳಿದರೆ ಬಾಗಿಲಲ್ಲಿದ್ದ ಪ್ಯೂನು, "ಯಾರು ಬೇಕು ಸಾರ್? ಉದ್ದದವರೋ, ಕನ್ನಡಕದವರೋ, ಜಗಳಗಂಟಿಯೋ?" ಅನ್ನುತ್ತಿದ್ದ. "ಜಗಳಗಂಟಿಯನ್ನೇ ಕರೆಯಪ್ಪಾ" ಅನ್ನುತ್ತಿದ್ದೆ.

ಮೊನ್ನೆ ಕಣ್ಣಿನ ಆಸ್ಪತ್ರೆಯಲ್ಲಿ ನರ್ಸ್ ಆ ಹೆಸರು ಕೂಗಿದಳು. ನಾನು ತಟ್ಟನೆ ಎದ್ದು ನಿಂತುಬಿಟ್ಟೆ. ಯಾರೋ ಅಜ್ಜಿ ಕೋಲೂರಿಕೊಂಡು ಒಳಗೆ ಹೋದರು. ಏನು ಮಾಡಲಿ, ನನಗೀಗ ಮನೆಯಲ್ಲಿ ಆ ಹೆಸರು ಹಿಡಿದು ಕರೆಯಲು ಯಾರೂ ಇಲ್ಲ.

ನಿಮಗಿಷ್ಟವಾದ ಹೆಸರನ್ನೇ ಇಡಿ. ದೊಡ್ಡ ಅಕ್ಷರದಲ್ಲಿ ಬರೆದು ಕಳಿಸು, ನಾಲಿಗೆ ಹೊರಳಬೇಕಲ್ಲ, ಪ್ರಾಕ್ಟೀಸ್ ಮಾಡಿಕೊಂಡೇ ಬರುತ್ತೇನೆ. ಆದರೂ ಕೂಸನ್ನು ಎತ್ತಿಕೊಂಡಾಗ ಬಾಯಿ ತಪ್ಪಿ ಆ ಹೆಸರೇ ಬಂದರೆ, ಒಂದು ಸಲ ಕೇಳಿಸದವಳ ಹಾಗೆ ಇದ್ದುಬಿಡು.

ಯುವರ್ಸ್ ಒಬೀಡಿಯಂಟ್ಲಿ (ಕಾಲೇಜಿನಲ್ಲಿ ಕಲಿತದ್ದರಲ್ಲಿ ಉಳಿದಿರುವುದು ಇಷ್ಟೇ),
ಅಪ್ಪ