ಕೋಟಿನ ಜೇಬಿನ ಫ್ಯೂಸ್

ಲೈಬ್‌ಸ್ಟರ್
ಭಾನುವಾರ, ೯ ಮಾರ್ಚ್ ೧೯೯೭

ಪ್ರೀತಿಯ ಡೋಲಿನಾ,

ನೀನೂ ಮೊಮ್ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಕ್ರಿಸ್‌ಮಸ್‌ಗೆ ನೀನು ಬರೆದ ಕಾಗದ, ಜನವರಿ ಕೊನೆಯಲ್ಲಿ ಬರೆದದ್ದು, ಎರಡೂ ಮೇಜಿನ ಮೇಲೇ ಇವೆ. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಬೈದರೂ ಸರಿಯೇ, ನ್ಯೂಜಿಲೆಂಡಿನಿಂದ ನನಗೇನು ಕೇಳಿಸುತ್ತದೆ. ನಿನ್ನ ಮಂಡಿಯ ಆಪರೇಷನ್ ಆಯಿತೇ? ಇಲ್ಲಿ ಗಾಳಿ ಇನ್ನೂ ನಿಂತಿಲ್ಲ. ನಮ್ಮ ಬಂದರಿನಲ್ಲಿ ಈಗ ಮೂರೇ ದೋಣಿ.

ಎಫಿ ಅಕ್ಕನ ವಿಷಯ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಈಗ ಮೊದಲಿನಿಂದ ಬರೆಯುತ್ತೇನೆ.

ಜನವರಿಯ ಒಂದು ಗುರುವಾರ ಅವಳನ್ನು ನೋಡಲು ವಿಕ್ ಪಟ್ಟಣಕ್ಕೆ ಹೋಗಿದ್ದೆ. ಬಾಗಿಲು ತೆಗೆಯುತ್ತಲೇ ಸುಟ್ಟ ವಾಸನೆ. ಮೀನು ಸೀದಿತು ಎಂದು ಸಾಧಿಸಿದಳು. ನಲವತ್ತೈದು ವರ್ಷ ಕರೆಂಟಿನ ಕೆಲಸ ಮಾಡಿದವನ ಮೂಗಿಗೆ ಮೀನು ಯಾವುದು, ವೈರು ಯಾವುದು ಎಂದು ತಿಳಿಯುವುದಿಲ್ಲವೇ? ಕಿಟಕಿಯ ಕೆಳಗಿನ ಆ ದಪ್ಪ ಹೀಟರ್ ನಿನಗೆ ನೆನಪಿರಬೇಕು. ರಾತ್ರಿಯ ಅಗ್ಗದ ಕರೆಂಟಿನಲ್ಲಿ ಒಳಗಿನ ಇಟ್ಟಿಗೆಗಳನ್ನು ಕಾಯಿಸಿಕೊಂಡು ಹಗಲಿಡೀ ಶಾಖ ಕೊಡುತ್ತದಲ್ಲ, ಅದೇ. ಅದರ ಪಕ್ಕ ಗೋಡೆಯ ಮೇಲೆ ಅಂಗೈಯಗಲ ಕಂದು ಕಲೆ. ಸ್ವಿಚ್ಚಿನ ಮುಚ್ಚಳ ಕರಗಿ ಸೊಟ್ಟಗಾಗಿತ್ತು. ಹಿಂದೆ ಯಾರೋ ಪುಣ್ಯಾತ್ಮ ಶಾಖ ತಡೆಯುವ ವೈರು ಹಾಕುವ ಕಡೆ ಟೇಬಲ್ ಲ್ಯಾಂಪಿನ ವೈರು ಎಳೆದು ಹೋಗಿದ್ದ. ಇನ್ನೊಂದು ವಾರ ಬಿಟ್ಟಿದ್ದರೆ ಮನೆಗೇ ಬೆಂಕಿ ಬೀಳುತ್ತಿತ್ತು.

ಆ ಲೈನಿನಲ್ಲಿ ಹಗಲು ಕರೆಂಟೇ ಇರುವುದಿಲ್ಲ, ಟೆಸ್ಟರ್ ಇಟ್ಟರೂ ಉರಿಯುವುದಿಲ್ಲ. ಅದನ್ನು ನಂಬಿ ವೈರು ಬಿಚ್ಚಿಟ್ಟು ಹೋದರೆ, ಕತ್ತಲಾದ ಮೇಲೆ ಮೀಟರಿನ ಗಡಿಯಾರ ತಾನಾಗಿಯೇ ಕರೆಂಟು ಬಿಡುತ್ತದೆ. ಅದಕ್ಕೇ ನನಗೆ ಕೆಲಸ ಕಲಿಸಿದ ಮುದುಕ ಮ್ಯಾಗ್ನಸ್ ಮೊದಲ ದಿನವೇ ಹೇಳಿದ್ದ, ಫ್ಯೂಸ್ ಕಿತ್ತು ನಿನ್ನ ಜೇಬಿಗೇ ಹಾಕಿಕೋ, ಅಲ್ಲೇ ಇಟ್ಟರೆ ಯಾರಾದರೂ ಉಪಕಾರ ಮಾಡಲು ಹೋಗಿ ಮತ್ತೆ ಸಿಕ್ಕಿಸುತ್ತಾರೆ ಎಂದು. ಹಾಗೇ ಮಾಡಿದೆ. ಇಟ್ಟಿಗೆಗಳು ಪೂರ್ತಿ ಆರದೆ ಹೀಟರ್ ಬಿಚ್ಚುವಂತಿಲ್ಲ, ಅದಕ್ಕೆ ಎರಡು ದಿನ ಬೇಕು. ಶನಿವಾರ ಸರಿಯಾದ ವೈರು ತಂದು ಹಾಕಿಕೊಡುತ್ತೇನೆ ಎಂದೆ. ಅಲ್ಲಿಯವರೆಗೆ ಇರಲೆಂದು ಬೀರುವಿನಲ್ಲಿದ್ದ ಸಣ್ಣ ಹೀಟರನ್ನು ತೆಗೆದು ಅವಳ ಕಾಲ ಬಳಿ ಇಟ್ಟೆ. ಹಗಲಿನ ಕರೆಂಟು ದುಬಾರಿಯೆಂದು ಅವಳು ಅದನ್ನು ಉರಿಸುವವಳಲ್ಲ. ಅದೂ ನನಗೆ ಗೊತ್ತಿತ್ತು.

"ಎರಡು ದಿನ ತಾನೆ?" ಅಂದಳು. "ಯಾರ್ಮತ್ ಬಂದರಲ್ಲಿ ಮೀನು ಸೀಳೋವಾಗ ಗಂಡಸರೇ ಅಳೋ ಚಳೀಲಿ ನಾನು ಹಾಡು ಹೇಳ್ತಿದ್ದೆ. ಹೋಗೋ, ಬಸ್ ತಪ್ಪತ್ತೆ."

ಅಮ್ಮ ಹೋದ ಮೇಲೆ ಆ ಮೀನಿನ ದುಡ್ಡಿನಲ್ಲೇ ತಾನೆ ನಾನು ಕೆಲಸ ಕಲಿತದ್ದು, ನೀನು ಶಾಲೆಗೆ ಹೋದದ್ದು.

ಶನಿವಾರ ನಾನು ಹೋಗಲಿಲ್ಲ. ಸೋಮವಾರ ಎದುರುಮನೆಯ ರೋನಾ ಗನ್ ಹೋಗಿ ನೋಡಿದಾಗ ಅಕ್ಕ ಕೋಟು, ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳಂತೆ. ನಿಮ್ಮ ತಮ್ಮನಿಗೆ ಫೋನ್ ಮಾಡಲೇ ಎಂದು ಆಕೆ ಕೇಳಿದ್ದಾಳೆ. "ಬೇಡ ಕಣೇ" ಅಂದಳಂತೆ ಅಕ್ಕ. "ಆ ಕಡೆ ಹಿಮ ಬಿದ್ದಿರ್ಬೇಕು. ಗಿಲ್ಬರ್ಟ್ ಬರ್ತೀನಿ ಅಂದ್ರೆ ಬರ್ತಾನೆ. ಪಾಪ, ಅವನನ್ನ ಪೀಡಿಸ್ಬೇಡ."

ಬುಧವಾರ ರೋನಾ ಮತ್ತೆ ಹೋದಾಗ ಅಕ್ಕ ಅದೇ ಕುರ್ಚಿಯಲ್ಲೇ ಇದ್ದಳು. ಮಾತಿರಲಿಲ್ಲ, ಪಾದಗಳು ನೀಲಿಗಟ್ಟಿದ್ದವು. ಆಸ್ಪತ್ರೆಯಲ್ಲಿ ಮೂರು ವಾರ ಇದ್ದಳು. ಜೀವ ಉಳಿಯಿತು, ಬುದ್ಧಿ ಮೊದಲಿನಂತಾಗಲಿಲ್ಲ. ಇನ್ನು ಒಬ್ಬಳೇ ಇರುವಂತಿಲ್ಲ ಎಂದು ಡಾಕ್ಟರ್ ಹೇಳಿದ್ದರಿಂದ ಅಲ್ಲಿಂದ ನೇರ ವೃದ್ಧಾಶ್ರಮಕ್ಕೇ ಕರೆದೊಯ್ದರು.

ಹೀಟರ್ ರಿಪೇರಿ ಮಾಡಿದೆ, ಡೋಲಿನಾ. ಅವಳು ಆಸ್ಪತ್ರೆಯಲ್ಲಿದ್ದಾಗಲೇ ಮಾಡಿದೆ. ಸುಟ್ಟ ಭಾಗವನ್ನೆಲ್ಲ ಹೊಳೆಯುವ ತಾಮ್ರ ಕಾಣುವ ತನಕ ಕತ್ತರಿಸಿದೆ. ಹೊಸ ವೈರು, ಹೊಸ ಸ್ವಿಚ್ಚು, ಪಿಂಗಾಣಿಯ ಹೊಸ ಕನೆಕ್ಟರ್ ಹಾಕಿದೆ. ಪ್ರತಿ ತಿರುಪನ್ನೂ ಬಿಗಿದು, ವೈರು ಜಗ್ಗಿ ನೋಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕ ಕೆಲಸ ಮಾಡಿಲ್ಲ. ಮರುದಿನ ಹೋದಾಗ ಮನೆಯೆಲ್ಲ ಬೆಚ್ಚಗಿತ್ತು, ಅವಳ ಖಾಲಿ ಕುರ್ಚಿಯೂ ಬೆಚ್ಚಗಿತ್ತು. ಕೋಟು ಬಿಚ್ಚದೆ ಅಲ್ಲೇ ನಿಂತು ಅತ್ತೆ. ಈಗ ಆ ಬಾಡಿಗೆ ಮನೆಯಲ್ಲಿ ಹೊಸದಾಗಿ ಮದುವೆಯಾದವರಿದ್ದಾರೆ. ಹೀಟರ್ ಚೆನ್ನಾಗಿದೆ ಎನ್ನುತ್ತಾರೆ.

ವೃದ್ಧಾಶ್ರಮದಲ್ಲಿ ಬೆವರುವಷ್ಟು ಶಾಖ. ಆದರೂ ಅಕ್ಕ ಕೋಟು ಬಿಚ್ಚುವುದಿಲ್ಲ, ನರ್ಸುಗಳು ಕೇಳಿ ಕೇಳಿ ಸುಸ್ತಾಗಿದ್ದಾರೆ. ನಾನು ಹೋದಾಗಲೆಲ್ಲ ನನ್ನ ಜೇಬು ತಟ್ಟುತ್ತಾಳೆ.

"ಫ್ಯೂಸ್ ತಂದ್ಯೇನೋ?"

"ತಂದೆ ಅಕ್ಕ."

"ಸರಿ, ಹಾಕು. ಆಮೇಲೆ ಕೋಟು ಬಿಚ್ತೀನಿ."

ಗೋಡೆಯ ಹತ್ತಿರ ಹೋಗಿ ಹಾಕಿದಂತೆ ಮಾಡಿ ಬರುತ್ತೇನೆ. ಬಂದು ಕೂರುವಷ್ಟರಲ್ಲಿ ಮತ್ತೆ ಜೇಬು ತಟ್ಟುತ್ತಾಳೆ. ಒಂದು ಬೈಗುಳವಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಂದಹಾಗೆ, ನಿನ್ನ ಮಂಡಿಯ ಆಪರೇಷನ್ ಏನಾಯಿತು? ಕೇಳುವುದನ್ನೇ ಬಿಟ್ಟಿದ್ದೆ.

ದೇವರು ನಿನ್ನನ್ನೂ ನಿನ್ನ ಮನೆಯವರನ್ನೂ ಬೆಚ್ಚಗಿಟ್ಟಿರಲಿ. ಮೊಮ್ಮಕ್ಕಳ ತಲೆ ಸವರಿ ಇದು ಲೈಬ್‌ಸ್ಟರಿನ ತಾತ ಕಳಿಸಿದ್ದು ಎಂದು ಹೇಳು.

ನಿನ್ನ ಅಣ್ಣ,
ಗಿಲ್ಬರ್ಟ್

ತಾ. ಕ. ಹಿಮ ಬಿದ್ದರೆ ನೀನು ತಾನೇ ಏನು ಮಾಡಲಾಗುತ್ತದೆ ಎಂದು ಜನವರಿಯ ಕಾಗದದಲ್ಲಿ ನನ್ನನ್ನು ಸಮಾಧಾನ ಮಾಡಿದ್ದೀಯ. ಹಿಮ ಬಿದ್ದಿರಲಿಲ್ಲ. ಅದು ಅಕ್ಕನೇ ನನಗಾಗಿ ಹುಡುಕಿಟ್ಟ ನೆಪ, ಅದನ್ನೇ ಎಲ್ಲರಿಗೂ ಹೇಳಿದೆ. ಶನಿವಾರ ಒಳ್ಳೆಯ ಬಿಸಿಲಿತ್ತು, ಬಸ್ಸೂ ಓಡುತ್ತಿತ್ತು. ನನಗೆ ನೆನಪೇ ಆಗಲಿಲ್ಲ. ಈಚೆಗೆ ಹೀಗೆ ಆಗುತ್ತಿದೆ, ಡಾಕ್ಟರಿಗೂ ಇನ್ನೂ ಹೇಳಿಲ್ಲ. ಮರುದಿನ ಚರ್ಚಿನಲ್ಲಿ ಕರವಸ್ತ್ರಕ್ಕೆಂದು ಜೇಬಿಗೆ ಕೈಹಾಕಿದಾಗ ಫ್ಯೂಸ್ ಸಿಕ್ಕಿತು. ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದೆ. ಯಾರ ಮನೆಯದೆಂದು ಗೊತ್ತಾಗಲಿಲ್ಲ. ಪಾಪ, ಯಾರೋ ಚಳಿಯಲ್ಲಿ ಕಾಯುತ್ತಿರಬೇಕು ಎಂದುಕೊಂಡು ಮತ್ತೆ ಜೇಬಿಗೆ ಹಾಕಿಕೊಂಡೆ.